ರಾಕಿ ಪರ್ವತಗಳಲ್ಲಿ ಒಬ್ಬಳೇ 12 ದಿನ: ಹೋಗಬಹುದೇ, ಹೋದರೆ ಹೇಗೆ?

ಪ್ರಶ್ನೆ: ನನಗೆ 38 ವರ್ಷ, ಟೆಕ್ಸಾಸ್‌ನಲ್ಲಿ ಕೆಲಸ. ಜುಲೈ 18ರಿಂದ 12 ದಿನ ರಜೆ ಸಿಕ್ಕಿದೆ. ಗ್ರ್ಯಾಂಡ್ ಟೀಟಾನ್‌ನಲ್ಲಿ 3 ದಿನ, ಯೆಲ್ಲೋಸ್ಟೋನ್‌ನಲ್ಲಿ 3, ಗ್ಲೇಸಿಯರ್ ನ್ಯಾಷನಲ್ ಪಾರ್ಕ್‌ನಲ್ಲಿ 4, ಉಳಿದದ್ದು ಡ್ರೈವಿಂಗ್ ಎಂದು ಗೆಳತಿಯ ಜೊತೆ ಯೋಜನೆ ಹಾಕಿದ್ದೆ. ಈಗ ಅವಳು ಬರುತ್ತಿಲ್ಲ. ವಾರಾಂತ್ಯದಲ್ಲಿ 15 ಕಿ.ಮೀ. ಸಲೀಸಾಗಿ ನಡೆಯುತ್ತೇನೆ. ಎರಡನೇ ದಿನವೇ ಟೀಟಾನ್‌ನ ಪೇಂಟ್‌ಬ್ರಷ್–ಕ್ಯಾಸ್ಕೇಡ್ ಲೂಪ್ ಒಂದೇ ದಿನದಲ್ಲಿ ಮುಗಿಸುವ ಆಸೆ. ಗ್ಲೇಸಿಯರ್‌ನಲ್ಲಿ ಎರಡು ರಾತ್ರಿ ಟೆಂಟ್ ಹಾಕಬೇಕೆಂದಿದ್ದೇನೆ. ಬೇರ್ ಸ್ಪ್ರೇ (ಕರಡಿ ಓಡಿಸುವ ಖಾರದ ಸ್ಪ್ರೇ), ಬ್ಯಾಗಿಗೆ ಕಟ್ಟುವ ಗೆಜ್ಜೆ ಎರಡನ್ನೂ ತರಿಸಿದ್ದೇನೆ. ಫೋನಿನಲ್ಲಿ ಸ್ಯಾಟಲೈಟ್ ಎಸ್‌ಒಎಸ್ ಇದೆ. ಊರಲ್ಲಿರುವ ಅಮ್ಮ ದಿನಾ ಫೋನ್ ಮಾಡಿ "ಕರಡಿ ಬಾಯಿಗೆ ಹೋಗಿ ಬೀಳಬೇಡ" ಅನ್ನುತ್ತಿದ್ದಾರೆ. ನಿಜಕ್ಕೂ ಒಬ್ಬಳೇ ಹೋಗುವುದು ಅಷ್ಟು ಅಪಾಯವೇ? ರಾತ್ರಿ ಟೆಂಟ್‌ನಲ್ಲಿ ಹೆಣ್ಣೊಬ್ಬಳೇ ಇರುವುದು ಸರಿಯೇ? ಫೋನ್ ಸಾಕೇ, ಇನ್ನೇನಾದರೂ ಬೇಕೇ?

ಉತ್ತರ: ಹೋಗಿ. ಆದರೆ ಎರಡನೇ ದಿನದ ಯೋಜನೆ ಬದಲಿಸಿ, ಗೆಜ್ಜೆ ಮನೆಯಲ್ಲೇ ಬಿಡಿ, ಫೋನಿನ ಮೇಲಿನ ಭರವಸೆಯನ್ನು ಅರ್ಧಕ್ಕೆ ಇಳಿಸಿ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಹೆಣೆದುಕೊಂಡಿವೆ. ಏನಾದರೂ ಆಗಿಬಿಟ್ಟೀತೇ ಎಂಬುದು ಒಂದು. ಆದಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಏನು ಗತಿ ಎಂಬುದು ಇನ್ನೊಂದು. ಕಾಲು ಉಳುಕುವ ಸಾಧ್ಯತೆ ಒಬ್ಬರೇ ಇದ್ದರೂ ನಾಲ್ವರಿದ್ದರೂ ಹೆಚ್ಚುಕಡಿಮೆ ಅಷ್ಟೇ. ನಾಲ್ವರಿದ್ದರೆ ಒಬ್ಬರು ಜೊತೆಗೆ ಕೂರುತ್ತಾರೆ, ಇಬ್ಬರು ಕೆಳಗಿಳಿದು ರೇಂಜರ್‌ಗೆ ಸುದ್ದಿ ಮುಟ್ಟಿಸುತ್ತಾರೆ. ಒಬ್ಬರೇ ಇದ್ದಾಗ ಅದೇ ಉಳುಕು ಒಂದು ಇಡೀ ರಾತ್ರಿಯ ಚಳಿಯಾಗಿ ಬೆಳೆಯುತ್ತದೆ. ಹಾಗಾಗಿ ಒಂಟಿ ಚಾರಣದ ತಯಾರಿ ಅಂದರೆ ಬಹುಪಾಲು ಎರಡೇ ಕೆಲಸ: ಪೆಟ್ಟಾದ ಗಳಿಗೆಗೂ ಸಹಾಯ ಬರುವ ಗಳಿಗೆಗೂ ನಡುವಿನ ಹೊತ್ತನ್ನು ಕಡಿಮೆ ಮಾಡುವುದು, ಆ ಹೊತ್ತು ಕಳೆಯುವ ತನಕ ಬೆಚ್ಚಗೆ, ಒಣಗಿ ಇರುವುದು.

ಇದಕ್ಕೊಂದು ಅಪವಾದ ಉಂಟು, ಅದು ನಿಮ್ಮ ಅಮ್ಮ ಹೇಳುತ್ತಿರುವ ಪ್ರಾಣಿಯೇ.

ಕರಡಿ: ಎಷ್ಟು ನಿಜ, ಎಷ್ಟು ಭಯ

ಯೆಲ್ಲೋಸ್ಟೋನ್ ಪಾರ್ಕ್ ಆದದ್ದು 1872ರಲ್ಲಿ. ಅಂದಿನಿಂದ ಪಾರ್ಕಿನೊಳಗೆ ಕರಡಿಯಿಂದ ಸತ್ತವರು 8 ಮಂದಿ ಎಂದು ಪಾರ್ಕ್ ಆಡಳಿತವೇ ಲೆಕ್ಕ ಕೊಡುತ್ತದೆ. ಅದೇ ಅವಧಿಯಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 100ಕ್ಕೂ ಹೆಚ್ಚು, ಬಿಸಿನೀರ ಬುಗ್ಗೆಗಳಲ್ಲಿ ಬೆಂದು ಸತ್ತವರು 20ರಷ್ಟು. ಗ್ಲೇಸಿಯರ್‌ನಲ್ಲೂ ಅತಿ ಹೆಚ್ಚು ಜೀವ ತೆಗೆದಿರುವುದು ನೀರೇ. ಯೆಲ್ಲೋಸ್ಟೋನ್‌ನಲ್ಲಿ ಜನರಿಗೆ ಅತಿ ಹೆಚ್ಚು ಗಾಯ ಮಾಡಿರುವ ಪ್ರಾಣಿಯೂ ಕರಡಿಯಲ್ಲ, ಬೈಸನ್. ಹುಲ್ಲು ಮೇಯುತ್ತ ಸುಮ್ಮನೆ ನಿಂತಿದೆಯಲ್ಲ ಎಂದು ಫೋಟೋಗೆ ಹತ್ತಿರ ಹೋದವರೇ ಹೆಚ್ಚಾಗಿ ಏಟು ತಿನ್ನುವುದು. ಅದು ನಮಗಿಂತ ಮೂರು ಪಟ್ಟು ವೇಗವಾಗಿ ಓಡುತ್ತದೆ. ಬೈಸನ್, ಎಲ್ಕ್, ಮೂಸ್‌ಗಳಿಂದ 25 ಗಜ, ಕರಡಿ ಮತ್ತು ತೋಳದಿಂದ 100 ಗಜ ದೂರ ಇರಬೇಕೆಂಬುದು ಯೆಲ್ಲೋಸ್ಟೋನ್‌ನ ನಿಯಮ.

ಹಾಗೆಂದು ಅಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ. ಈ ಮೂರೂ ಪಾರ್ಕುಗಳು ಗ್ರಿಜ್ಲಿ ಕರಡಿಯ ನೆಲ. ಮೂವರು ಅಥವಾ ಹೆಚ್ಚು ಜನ ಗುಂಪಾಗಿ ನಡೆಯಿರಿ ಎಂದು ಯೆಲ್ಲೋಸ್ಟೋನ್ ಸಲಹೆ ಕೊಡುವುದಕ್ಕೆ ಕಾರಣ ಇದೆ. ಗ್ರಿಜ್ಲಿ ಮೈಮೇಲೆ ಬರುವುದು ಹೆಚ್ಚಾಗಿ ಅದು ಬೆಚ್ಚಿಬಿದ್ದಾಗ: ತಿರುವಿನಲ್ಲಿ ಎದುರುಬದುರಾದಾಗ, ಮರಿಗಳ ಜೊತೆಗಿದ್ದಾಗ, ಸತ್ತ ಪ್ರಾಣಿಯನ್ನು ಕಾಯುತ್ತಿದ್ದಾಗ. ಗುಂಪಿನಲ್ಲಿದ್ದರೆ ಮಾತು ನಡೆದೇ ಇರುತ್ತದೆ, ಕರಡಿ ದೂರದಿಂದಲೇ ಕೇಳಿಸಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಒಬ್ಬರೇ ನಡೆಯುವವರು ಸುಮ್ಮನೆ ನಡೆಯುತ್ತಾರೆ, ಅಪಾಯ ಇರುವುದು ಅಲ್ಲಿ.

ಗೆಜ್ಜೆ ಇದಕ್ಕೆ ಮದ್ದಲ್ಲ. ಅದರ ಕಿಣಿಕಿಣಿ ಗಾಳಿಯಲ್ಲಿ, ಹಳ್ಳದ ಸದ್ದಿನಲ್ಲಿ ಇಪ್ಪತ್ತು ಹೆಜ್ಜೆ ದಾಟುವುದಿಲ್ಲ. ಕರಡಿಗೆ ಅದು ಮನುಷ್ಯನ ಸದ್ದು ಅಂತ ತಿಳಿಯುವುದೂ ಇಲ್ಲ. ಕೂಗಬೇಕು, ಚಪ್ಪಾಳೆ ತಟ್ಟಬೇಕು. ತಿರುವು ಬಂದಾಗ, ಪೊದೆ ಕಣ್ಣಿನ ಎತ್ತರಕ್ಕೆ ಬೆಳೆದಿರುವಲ್ಲಿ, ಹಳ್ಳದ ಪಕ್ಕದಲ್ಲಿ, ಎದುರುಗಾಳಿ ಬೀಸುವಾಗ ಗಂಟಲು ಬಿಚ್ಚಿ ಕೂಗಿ. ಕನ್ನಡದಲ್ಲೇ ಕೂಗಿ, ಕರಡಿಗೆ ತೊಂದರೆಯಿಲ್ಲ. ಹಿಂದೆ ಬರುತ್ತಿರುವ ಅಮೆರಿಕನ್ನರು ಸ್ವಲ್ಪ ವಿಚಿತ್ರವಾಗಿ ನೋಡಬಹುದು, ಅಷ್ಟೇ. ಇಯರ್‌ಫೋನ್ ಮಾತ್ರ ಬೇಡವೇ ಬೇಡ.

ಸ್ಪ್ರೇ ವಿಷಯ. ನೀವು ತರಿಸಿಟ್ಟಿರುವ ಡಬ್ಬಿ ವಿಮಾನದಲ್ಲಿ ಬರುವುದಿಲ್ಲ, ಕೈಚೀಲದಲ್ಲೂ ಇಲ್ಲ, ಚೆಕ್‌ಇನ್ ಬ್ಯಾಗಿನಲ್ಲೂ ಇಲ್ಲ. ಸ್ಟವ್‌ನ ಗ್ಯಾಸ್ ಕ್ಯಾನಿಸ್ಟರ್‌ಗೂ ಇದೇ ಕಟ್ಟಳೆ. ಎರಡನ್ನೂ ಅಲ್ಲಿ ಇಳಿದ ಮೇಲೆ ಕೊಳ್ಳಿ. ಡಬ್ಬಿಯ ಮೇಲೆ "ಬೇರ್ ಸ್ಪ್ರೇ" ಎಂದೇ ಇರಬೇಕು, ಕನಿಷ್ಠ 7.9 ಔನ್ಸ್ ಇರಬೇಕು, ಅವಧಿ ಮುಗಿದಿರಬಾರದು. ಮನುಷ್ಯರಿಗಾಗಿ ಪರ್ಸಿನಲ್ಲಿಡುವ ಪೆಪ್ಪರ್ ಸ್ಪ್ರೇ ಇಲ್ಲಿ ಕೆಲಸಕ್ಕೆ ಬಾರದು.

ಕೊಂಡವರಲ್ಲಿ ಬಹಳಷ್ಟು ಮಂದಿ ಅದನ್ನು ಬ್ಯಾಗಿನ ಪಕ್ಕದ ಜೇಬಿಗೆ ಹಾಕುತ್ತಾರೆ. ಗ್ರಿಜ್ಲಿ ಗಂಟೆಗೆ 35 ಮೈಲಿ ವೇಗದಲ್ಲಿ ಓಡುತ್ತದೆ. ಮೂವತ್ತು ಗಜ ದೂರದಲ್ಲಿದ್ದರೆ ನಿಮ್ಮ ಕೈಯಲ್ಲಿ ಎರಡು ಸೆಕೆಂಡ್ ಕೂಡ ಇರುವುದಿಲ್ಲ. ಡಬ್ಬಿ ಸೊಂಟದ ಪಟ್ಟಿಯಲ್ಲಿ ಅಥವಾ ಎದೆಯ ಪಟ್ಟಿಯಲ್ಲಿ, ನೋಡದೆ ಕೈ ಹೋಗುವ ಕಡೆ ಇರಬೇಕು. ಅದನ್ನು ಹೊರತೆಗೆಯುವುದಕ್ಕೆ ಒಂದು ಕ್ರಮವಿದೆ: ಹೋಲ್‌ಸ್ಟರ್‌ನಿಂದ ಎಳೆದು, ಹೆಬ್ಬೆರಳಿನಿಂದ ಸುರಕ್ಷಾ ಕ್ಲಿಪ್ಪನ್ನು ಹಿಂದಕ್ಕೆ ಜಗ್ಗಿ ತೆಗೆದು, ಇನ್ನೊಂದು ಕೈಯಿಂದ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದು, ಮೂತಿಯನ್ನು ಸ್ವಲ್ಪ ಕೆಳಮುಖ ಮಾಡಬೇಕು. ಕ್ಲಿಪ್ ಮೊದಲ ಸಲಕ್ಕೆ ಬಿಗಿಯಾಗಿರುತ್ತದೆ, ಬೆವರಿದ ಬೆರಳು ಜಾರುತ್ತದೆ. ಔಷಧಿಯಿಲ್ಲದ ಅಭ್ಯಾಸದ ಡಬ್ಬಿ ಸಿಗುತ್ತದೆ. ಅದನ್ನು ಕೊಂಡು ಮನೆಯ ಹಿತ್ತಲಿನಲ್ಲಿ, ಬ್ಯಾಗ್ ಹೊತ್ತುಕೊಂಡೇ, ಕೈ ತಾನಾಗಿ ಓಡುವವರೆಗೆ ಮಾಡಿ. ಕರಡಿ ನುಗ್ಗಿ ಬರುತ್ತಿದ್ದರೆ 30ರಿಂದ 60 ಅಡಿ ಅಂತರದಲ್ಲಿರುವಾಗ ಸಿಂಪಡಿಸಲು ಶುರು ಮಾಡಿ. ಎದುರಿಗೊಂದು ಮೋಡ ಎಬ್ಬಿಸಿ ಅದು ಆ ಮೋಡದೊಳಗೆ ನುಗ್ಗುವಂತೆ ಮಾಡುವುದೇ ಉದ್ದೇಶ, ಗುರಿಯಿಟ್ಟು ಕಣ್ಣಿಗೆ ಹೊಡೆಯುವುದಲ್ಲ. ಸೊಳ್ಳೆ ಔಷಧಿಯಂತೆ ಟೆಂಟಿಗೆ, ಬಟ್ಟೆಗೆ ಹೊಡೆದುಕೊಳ್ಳುವವರು ಇದ್ದಾರೆ. ಅದರಿಂದ ರಕ್ಷಣೆ ಇಲ್ಲ, ಒಣಗಿದ ಮೇಲೆ ಉಳಿಯುವ ವಾಸನೆಗೆ ಕರಡಿ ಮೂಸಲು ಬಂದರೂ ಬಂದೀತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ, ಸಿಡಿಯುತ್ತದೆ.

ಓಡಬೇಡಿ, ಮರ ಹತ್ತಬೇಡಿ. ದೂರದಲ್ಲಿ ಕಂಡರೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಬೆಚ್ಚಿದ ಗ್ರಿಜ್ಲಿ ಮೈಮೇಲೆ ಬಿದ್ದೇಬಿಟ್ಟರೆ ಬ್ಯಾಗ್ ಬೆನ್ನ ಮೇಲೇ ಇರಲಿ, ಬೋರಲು ಮಲಗಿ, ಕಾಲು ಅಗಲಿಸಿ, ಎರಡೂ ಕೈಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ, ಅದು ಹೋಗುವವರೆಗೆ ಅಲುಗಬೇಡಿ. ರಾತ್ರಿ ಟೆಂಟಿಗೆ ನುಗ್ಗಿದರೆ ಅಥವಾ ಹಿಂಬಾಲಿಸಿಕೊಂಡು ಬಂದು ಎರಗಿದರೆ ಸತ್ತಂತೆ ಬಿದ್ದಿರುವುದಲ್ಲ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡುವುದು. ಕಪ್ಪು ಕರಡಿ ದಾಳಿ ಮಾಡಿದರೂ ಹೊಡೆದಾಡಬೇಕು. ಬಣ್ಣ ನೋಡಿ ಯಾವ ಕರಡಿ ಎಂದು ತೀರ್ಮಾನಿಸಬೇಡಿ, ಕಂದು ಬಣ್ಣದ ಕಪ್ಪು ಕರಡಿಗಳು ಬೇಕಾದಷ್ಟಿವೆ. ಗ್ರಿಜ್ಲಿಗೆ ಭುಜದ ಮೇಲೆ ಎದ್ದು ಕಾಣುವ ಗುಬುಟು ಇರುತ್ತದೆ.

ನಿಮ್ಮ ಎರಡನೇ ದಿನದ ಲೆಕ್ಕ

ನನಗೆ ನಿಜವಾಗಿ ಚಿಂತೆಯಾಗಿರುವುದು ಕರಡಿಯದಲ್ಲ, ಪೇಂಟ್‌ಬ್ರಷ್–ಕ್ಯಾಸ್ಕೇಡ್ ಲೂಪಿನದು. ಸ್ಟ್ರಿಂಗ್ ಲೇಕ್‌ನಿಂದ ಹೊರಟು ಸುತ್ತಿ ಬರಲು ಸುಮಾರು 19 ಮೈಲಿ, ಅಂದರೆ 31 ಕಿ.ಮೀ. ಹೊರಡುವ ಜಾಗ ಸುಮಾರು 6,870 ಅಡಿ, ಎರಡು ಕಣಿವೆಗಳ ನಡುವಿನ ಏಣು, ಪೇಂಟ್‌ಬ್ರಷ್ ಡಿವೈಡ್, 10,720 ಅಡಿ. ಕೈಯಲ್ಲಿ ಪೆನ್ನು ಹಿಡಿದು ಲೆಕ್ಕ ಹಾಕೋಣ. ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಲಾವಣೆಯಲ್ಲಿದೆ: ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಡಿವೈಡ್‌ವರೆಗೆ 8 ಮೈಲಿ, ಸುಮಾರು 3,850 ಅಡಿ ಏರು. ಎರಡೂ ಮುಕ್ಕಾಲು ಗಂಟೆ ದೂರಕ್ಕೆ, ಎರಡು ಗಂಟೆ ಏರಿಗೆ, ಒಟ್ಟು ನಾಲ್ಕೂ ಮುಕ್ಕಾಲು. ಈ ಸೂತ್ರ ನಿಲ್ಲದೆ ನಡೆಯುವ ಗಟ್ಟಿಮುಟ್ಟಾದವರಿಗೆ. ತೆಳುಗಾಳಿ, ನೀರು ತುಂಬಿಕೊಳ್ಳುವುದು, ಫೋಟೋ, ಹಿಮದ ಮೇಲೆ ನಿಧಾನವಾಗುವುದು ಸೇರಿಸಿದರೆ ಆರು ಗಂಟೆ ಆಗಿಯೇ ಆಗುತ್ತದೆ. ಬೆಳಗ್ಗೆ 6:30ಕ್ಕೆ ಹೊರಟರೂ ಡಿವೈಡ್ ತಲುಪುವಾಗ 12:30. ಇಡೀ ಲೂಪಿನಲ್ಲಿ ಅತಿ ಎತ್ತರದ, ಮರವೇ ಇಲ್ಲದ ಆ ಬಯಲಿನಲ್ಲಿ ನೀವು ನಿಲ್ಲುವುದು ಸರಿಯಾಗಿ ಗುಡುಗು ಶುರುವಾಗುವ ಹೊತ್ತಿಗೆ. ಅಲ್ಲಿಂದ ಮುಂದೆ ಇನ್ನೂ 11 ಮೈಲಿ ಬಾಕಿ.

ಜುಲೈ, ಆಗಸ್ಟ್‌ನಲ್ಲಿ ಟೀಟಾನ್‌ನಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಮಳೆ ಮಾಮೂಲು. ಬೆಳಗ್ಗೆ ಬಿಸಿಲಿಗೆ ಕಾದ ಇಳಿಜಾರಿನ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ, ಆದ್ದರಿಂದ ಎಂಟು ಗಂಟೆಯ ನೀಲಿ ಆಕಾಶ ಏನನ್ನೂ ಖಾತ್ರಿ ಮಾಡುವುದಿಲ್ಲ. 2010ರ ಜುಲೈ 21ರಂದು ಗ್ರ್ಯಾಂಡ್ ಟೀಟಾನ್ ಶಿಖರದಲ್ಲಿ ಸಿಡಿಲು 17 ಆರೋಹಿಗಳಿಗೆ ತಾಗಿತು, ಒಬ್ಬರು ಸತ್ತರು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ. ಆದರೆ ಎಣಿಸುತ್ತ ನಿಲ್ಲುವುದು ಬೇಡ, ಮೋಡ ಹೂಕೋಸಿನಂತೆ ಮೇಲಕ್ಕೆ ಉಬ್ಬತೊಡಗಿದಾಗಲೇ ಇಳಿಯಲು ಶುರು ಮಾಡಿ. ಕುಕ್ಕರಗಾಲಲ್ಲಿ ಕೂತರೆ ಬಚಾವ್ ಎಂಬ ಹಳೆಯ ಪಾಠವನ್ನು ನೆಚ್ಚಬೇಡಿ. ಏಣಿನಿಂದ, ಬಯಲಿನಿಂದ ಕೆಳಗೆ, ಸರಿಸುಮಾರು ಒಂದೇ ಎತ್ತರದ ಮರಗಳ ನಡುವೆ ಹೋಗುವುದೇ ಇರುವ ಮದ್ದು.

ಹಿಮ ಇನ್ನೊಂದು. ಡಿವೈಡ್‌ನ ಪೇಂಟ್‌ಬ್ರಷ್ ಕಡೆಯ ಕಡಿದಾದ ಇಳಿಜಾರಿನಲ್ಲಿ ಜುಲೈ ಕೊನೆಯ ತನಕ, ಕೆಲವು ವರ್ಷ ಅದರಾಚೆಗೂ ಹಿಮ ಉಳಿದಿರುತ್ತದೆ. ಬೆಳಗ್ಗೆ ಅದು ಗಾಜಿನಷ್ಟು ಗಟ್ಟಿ. ಬೂಟಿಗೆ ಹಾಕಿಕೊಳ್ಳುವ ಮೈಕ್ರೋಸ್ಪೈಕ್ ಸಮತಟ್ಟಾದ ಮಂಜಿನ ದಾರಿಗೆ ಸರಿ. ಇಳಿಜಾರಿನಲ್ಲಿ ಜಾರಿದವರನ್ನು ಅದು ತಡೆಯುವುದಿಲ್ಲ. ತಡೆಯುವುದು ಐಸ್ ಆಕ್ಸ್ (ಹಿಮಕ್ಕೆ ಊರುವ ಮೊನೆಯ ಕೊಡಲಿ), ಅದೂ ಬೀಳುತ್ತಿರುವಾಗ ಹೊಟ್ಟೆಯ ಮೇಲೆ ತಿರುಗಿ ಮೊನೆ ಊರುವುದನ್ನು ಮೊದಲೇ ಅಭ್ಯಾಸ ಮಾಡಿದವರ ಕೈಯಲ್ಲಿ ಮಾತ್ರ. ಒಬ್ಬರೇ ಇರುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಜಾರಿದರೆ ಎಲ್ಲಿ ಹೋಗಿ ನಿಲ್ಲುತ್ತೇನೆ? ಉತ್ತರ "ಬಂಡೆಗಳ ಮೇಲೆ" ಎಂದಾದರೆ ಅಲ್ಲಿಂದಲೇ ವಾಪಸ್.

ಮೂರನೆಯದು ಎತ್ತರ. ಸಮುದ್ರಮಟ್ಟದಿಂದ ಬಂದು ಮರುದಿನವೇ 3,267 ಮೀಟರ್ ಹತ್ತಿದರೆ ತಲೆನೋವು, ವಾಕರಿಕೆ, ಊಟ ಸೇರದಿರುವುದು ಬಹಳ ಜನರಿಗೆ ಆಗುತ್ತದೆ. ಅದಕ್ಕೂ ನಿಮ್ಮ ವಾರಾಂತ್ಯದ ನಡಿಗೆಗೂ ಸಂಬಂಧವಿಲ್ಲ. ಮ್ಯಾರಥಾನ್ ಓಡುವವರಿಗೂ ಆಗುತ್ತದೆ. ತಲೆನೋವು ಶುರುವಾದರೆ ಮೇಲೆ ಹೋಗಬೇಡಿ. ನಡೆಯುವಾಗ ಓಲಾಡುವುದು, ಕೂತಲ್ಲೂ ಏದುಸಿರು ಬಂದರೆ ಆ ಕ್ಷಣವೇ ಇಳಿಯಿರಿ. ಪಕ್ಕದಲ್ಲಿ "ನೀನ್ಯಾಕೆ ಹೀಗೆ ಮಾತಾಡ್ತಿದ್ದೀಯ" ಅನ್ನುವವರು ಇಲ್ಲದ ಕಾರಣ ನಿಮ್ಮ ಲಕ್ಷಣ ನಿಮಗೇ ಗೊತ್ತಾಗದೆ ಹೋಗಬಹುದು.

ಬದಲಿಗೆ ಇದನ್ನು ಮಾಡಿ. ಮೊದಲ ದಿನ ಕೆರೆಯ ಸುತ್ತ ನಡೆದು ಮೈ ಒಗ್ಗಿಸಿ. ಎರಡನೇ ದಿನ ಜೆನಿ ಲೇಕ್ ದಾಟುವ ದೋಣಿ ಹಿಡಿದು ಕ್ಯಾಸ್ಕೇಡ್ ಕ್ಯಾನಿಯನ್ ಒಳಗೆ, ಕಣಿವೆ ಎರಡಾಗಿ ಕವಲೊಡೆಯುವ ಜಾಗದವರೆಗೆ. ಮೈ ಚೆನ್ನಾಗಿದ್ದು ಆಕಾಶವೂ ಚೆನ್ನಾಗಿದ್ದರೆ ಮೂರನೇ ದಿನ ಅದೇ ದಾರಿಯಲ್ಲಿ ಲೇಕ್ ಸಾಲಿಟ್ಯೂಡ್ ತನಕ. ಜನ ಹೋಗಿಬರುವ ದಾರಿ, ಹಿಂದಿರುಗುವ ದಾರಿ ಕಣ್ಣಾರೆ ನೋಡಿದ ದಾರಿ. ಆ ಲೂಪ್ ಸುಂದರ, ನಿಜ. ಆಗಸ್ಟ್ ಮಧ್ಯದಲ್ಲಿ, ಜೊತೆಗೊಬ್ಬರಿದ್ದಾಗ ಮಾಡಿ.

ನೀರು

ಹಳ್ಳ ದಾಟುವ ವಿಷಯದಲ್ಲಿ ನಮ್ಮ ಮಲೆನಾಡಿನ ಅನುಭವ ಅಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿಯ ಹಳ್ಳ ಮಳೆಯಿಂದಲ್ಲ, ಬಿಸಿಲಿನಿಂದ ಉಬ್ಬುತ್ತದೆ. ಮೇಲೆ ಹಿಮ ಕರಗಿದ ನೀರು ಕೆಳಗೆ ಬರುವುದು ಮಧ್ಯಾಹ್ನ, ಸಂಜೆಗೆ. ಬೆಳಗ್ಗೆ ಮೀನಗಂಡದವರೆಗಿದ್ದ ನೀರು ಸಂಜೆ ವಾಪಸಾಗುವಾಗ ತೊಡೆಗೆ ಬಂದಿರುತ್ತದೆ. ಮೊಣಕಾಲಿಗಿಂತ ಮೇಲೆ ರಭಸದ ನೀರಿದ್ದರೆ ಒಬ್ಬರೇ ಇಳಿಯಬೇಡಿ. ಇಳಿಯುವುದಾದರೆ ಅಗಲವಾಗಿ ಹರಡಿಕೊಂಡಿರುವ ಕಡೆ ಹುಡುಕಿ, ಅಲ್ಲಿ ಆಳ ಕಡಿಮೆ. ಕೆಳಗಡೆ ಜಲಪಾತವೋ ಅಡ್ಡಬಿದ್ದ ಮರವೋ ಇದೆಯೇ ನೋಡಿ. ಬ್ಯಾಗಿನ ಸೊಂಟದ, ಎದೆಯ ಬಕಲ್ ಬಿಚ್ಚಿಡಿ, ಬಿದ್ದರೆ ಬ್ಯಾಗ್ ಕಳಚಿಕೊಳ್ಳಬೇಕು. ಬೂಟು ಹಾಕಿಕೊಂಡೇ, ನೀರು ಬರುವ ಕಡೆಗೆ ಮುಖ ಮಾಡಿ, ಕೋಲು ಮುಂದೆ ಊರಿ, ಒಂದು ಸಲಕ್ಕೆ ಒಂದೇ ಕಾಲು ಎತ್ತಿ ಪಕ್ಕಪಕ್ಕಕ್ಕೆ ಸರಿಯಿರಿ. ಒದ್ದೆ ಮರದ ದಿಮ್ಮಿಯ ಮೇಲೆ ನಡೆಯುವುದು ನೀರಿಗಿಳಿಯುವುದಕ್ಕಿಂತ ಸುಲಭವಾಗಿ ಕಾಣುತ್ತದೆ, ಆದರೆ ಬಹಳ ಜನ ಬೀಳುವುದು ಅಲ್ಲಿಯೇ.

ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಗಳ ಸುತ್ತ ಮರದ ಹಾಸು ಬಿಟ್ಟು ಕೆಳಗೆ ಕಾಲಿಡಬೇಡಿ. ನೆಲದಂತೆ ಕಾಣುವುದು ಎಷ್ಟೋ ಕಡೆ ಕಾಯಿಸಿದ ಹಾಲಿನ ಮೇಲಿನ ಕೆನೆಯಷ್ಟೇ ತೆಳು, ಕೆಳಗೆ ಕುದಿಯುವ ನೀರು.

ಕುಡಿಯುವ ನೀರು ಎಷ್ಟು ತಿಳಿಯಾಗಿ ಕಂಡರೂ ಸೋಸಿ ಕುಡಿಯಿರಿ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಕಣ್ಣಿಗೆ ಕಾಣುವುದಿಲ್ಲ. 0.1 ಮೈಕ್ರಾನ್‌ನ ಸಣ್ಣ ಫಿಲ್ಟರ್ ಸಾಕು. ಒಂದು ಸಲ ಒದ್ದೆಯಾದ ಫಿಲ್ಟರ್ ರಾತ್ರಿ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಚಳಿಯ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಕುದಿಸುವುದಾದರೆ 6,500 ಅಡಿಗಿಂತ ಮೇಲೆ ಮೂರು ನಿಮಿಷ ಕುದಿಯಲಿ.

ಫೋನ್, ಮತ್ತು ನಿಮಗಾಗಿ ಕಾಯುವವರು

ಫೋನಿನ ಸ್ಯಾಟಲೈಟ್ ಎಸ್‌ಒಎಸ್ ಒಳ್ಳೆಯದೇ, ಆದರೆ ಅದು ಎರಡನೇ ಸಾಲಿನ ಆಸರೆ. ಅದೇ ಫೋನ್ ನಿಮ್ಮ ಕ್ಯಾಮೆರಾ, ಅದೇ ನಕ್ಷೆ. ಸಂಜೆ ಅಗತ್ಯ ಬಿದ್ದಾಗ ಶೇ. 9 ಚಾರ್ಜ್ ಇರುತ್ತದೆ. ಬೀಳುವಾಗ ಮೊದಲು ಒಡೆಯುವುದೂ ಅದರ ಗಾಜು. ಉಪಗ್ರಹದ ಕಡೆಗೆ ತಿರುಗಿಸಿ ಹಿಡಿಯಲು ಕೈ ನೆಟ್ಟಗಿರಬೇಕು. ಒಬ್ಬರೇ ಹೋಗುವವರು ಬೇರೆಯದೇ ಸಾಧನ ಇಟ್ಟುಕೊಳ್ಳಬೇಕು. ಎರಡು ಬಗೆ ಇವೆ. 406 ಮೆಗಾಹರ್ಟ್ಸ್‌ನ ಪರ್ಸನಲ್ ಲೊಕೇಟರ್ ಬೀಕನ್‌ಗೆ ಚಂದಾ ಇಲ್ಲ, ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ, ಆದರೆ ಹೆಚ್ಚಿನವು "ಕಾಪಾಡಿ" ಎಂಬುದೊಂದನ್ನೇ ಹೇಳುತ್ತವೆ. ಸ್ಯಾಟಲೈಟ್ ಮೆಸೆಂಜರ್‌ಗೆ ತಿಂಗಳ ಚಂದಾ ಇದೆ, ಆದರೆ ಎರಡೂ ಕಡೆ ಮಾತು ಹೋಗುತ್ತದೆ. "ಕಾಲು ಉಳುಕಿದೆ, ಜೀವಕ್ಕೆ ಅಪಾಯವಿಲ್ಲ, ರಾತ್ರಿ ಇಲ್ಲೇ ಇರುತ್ತೇನೆ" ಎಂದು ತಿಳಿಸಬಹುದು. ನಿಮಗೆ ನಾನು ಹೇಳುವುದು ಎರಡನೆಯದು, 12 ದಿನಕ್ಕೆ ಬಾಡಿಗೆಗೂ ಸಿಗುತ್ತದೆ. ಬ್ಯಾಗಿಗೆ ನೇತುಹಾಕಬೇಡಿ, ಮೈಮೇಲಿನ ಜೇಬಿನಲ್ಲಿರಲಿ. ಬ್ಯಾಗ್ ಹಳ್ಳದಲ್ಲಿ ತೇಲಿಹೋದರೆ ಅದೂ ಹೋಗುತ್ತದೆ. ಕಡಿದಾದ ಕಣಿವೆಯಲ್ಲಿ ಸಂದೇಶ ಹೋಗಲು ಹತ್ತಿಪ್ಪತ್ತು ನಿಮಿಷ ಹಿಡಿಯಬಹುದು. ಮನೆಯವರಿಗೆ ಮೊದಲೇ ಹೇಳಿಡಿ, ಸಂದೇಶ ಬರಲಿಲ್ಲ ಅಂದರೆ ಸತ್ತಳು ಅಂತಲ್ಲ.

ಯಂತ್ರಕ್ಕಿಂತ ಮುಖ್ಯವಾದದ್ದು ಮನುಷ್ಯರು. ಡೇ ಹೈಕ್ ಹೋದವರು ಸಂಜೆ ವಾಪಸ್ ಬಂದರೇ ಎಂದು ಯಾರೂ ಎಣಿಸುವುದಿಲ್ಲ. ಪರ್ಮಿಟ್ ಇದ್ದ ಮಾತ್ರಕ್ಕೆ ನಿಮ್ಮನ್ನು ಹುಡುಕಿಕೊಂಡು ಬರುವುದೂ ಇಲ್ಲ. ಯಾರಾದರೂ ದೂರು ಕೊಟ್ಟರೆ ಮಾತ್ರ ಹುಡುಕಾಟ ಶುರು. ಆ ಕೆಲಸವನ್ನು ಅಮ್ಮನಿಗೆ ಒಪ್ಪಿಸಬೇಡಿ. ಭಾರತದಿಂದ ಅಮೆರಿಕದ ತುರ್ತು ನಂಬರ್ 911ಗೆ ಕರೆ ಮಾಡಿದರೆ ಅಲ್ಲಿಗೆ ತಲುಪುವುದಿಲ್ಲ, ಮೇಲಾಗಿ ಅಲ್ಲಿಗೂ ಇಲ್ಲಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ: ಅಲ್ಲಿ ರಾತ್ರಿ 9 ಅಂದರೆ ಅಮ್ಮನಿಗೆ ಮರುದಿನ ಬೆಳಗ್ಗೆ 8:30. ಅಮೆರಿಕದಲ್ಲೇ ಇರುವ, ಗಾಬರಿಯಾಗದ ಒಬ್ಬ ಸಹೋದ್ಯೋಗಿ ಸಾಕು. ಅವರ ಕೈಯಲ್ಲಿ ದಿನದಿನದ ಟ್ರೇಲ್ ಹೆಸರು, ಹೊರಡುವ ಜಾಗ, ಕಾರಿನ ನಂಬರ್ ಮತ್ತು ಬಣ್ಣ, ಟೆಂಟ್ ಮತ್ತು ಜಾಕೆಟ್ ಬಣ್ಣ, ಆ ಪಾರ್ಕಿನ ಡಿಸ್ಪ್ಯಾಚ್ (ತುರ್ತು ಕರೆ ತೆಗೆದುಕೊಳ್ಳುವ ಕಚೇರಿ) ನಂಬರ್ ಇರಲಿ. ಎರಡು ಸಮಯ ಕೊಡಿ. ಸಂಜೆ 5ಕ್ಕೆ ಬರಬಹುದು ಅನ್ನುವುದು ಒಂದು. ರಾತ್ರಿ 9ರ ತನಕ ಸುದ್ದಿ ಇಲ್ಲದಿದ್ದರೆ ಯೋಚನೆ ಮಾಡದೆ ಕರೆ ಮಾಡು ಅನ್ನುವುದು ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಒಳ್ಳೆಯವರು ಸಂಕೋಚದಿಂದಲೇ ಬೆಳಗಿನ ತನಕ ಕಾದುಬಿಡುತ್ತಾರೆ. ದಾರಿ ಬದಲಿಸಿದರೆ ಹೊರಡುವ ಮೊದಲು ಅವರಿಗೆ ತಿಳಿಸಿ. ತಿಳಿಸಲು ಆಗದಿದ್ದರೆ ದಾರಿ ಬದಲಿಸಬೇಡಿ.

ಹುಡುಕಾಟಕ್ಕೆ ಪಾರ್ಕ್ ಸೇವೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಆದರೆ ಆಸ್ಪತ್ರೆಗೆ ಒಯ್ಯುವ ಏರ್ ಆಂಬ್ಯುಲೆನ್ಸ್ ಬಿಲ್ ಹತ್ತಾರು ಸಾವಿರ ಡಾಲರ್ ಆಗಬಹುದು. ನಿಮ್ಮ ವಿಮೆಯಲ್ಲಿ ಅದು ಇದೆಯೇ ಎಂದು ಈ ವಾರವೇ ಕೇಳಿ.

ಬ್ಯಾಗಿನಲ್ಲಿ ಒಂದು ರಾತ್ರಿ

ಬೆಳಗ್ಗೆ ಹೋಗಿ ಸಂಜೆ ಬರುವ ದಿನವೂ ನಿಂತ ಜಾಗದಲ್ಲೇ ಒಂದು ರಾತ್ರಿ ಕಳೆಯುವಷ್ಟು ಸಾಮಾನು ಒಬ್ಬಂಟಿಯ ಬ್ಯಾಗಿನಲ್ಲಿರಬೇಕು. ಈ ಪರ್ವತಗಳಲ್ಲಿ ಬೇಸಿಗೆಯ ಯಾವ ತಿಂಗಳಲ್ಲೂ ಹಿಮ ಬೀಳಬಹುದು. ಪ್ರತಿ 1,000 ಮೀಟರ್ ಏರಿಗೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಅದರ ಮೇಲೆ ಗಾಳಿ ಬೇರೆ. ಡೌನ್ ಅಥವಾ ಸಿಂಥೆಟಿಕ್ ಜಾಕೆಟ್, ಮಳೆಯ ಜಾಕೆಟ್ ಮತ್ತು ಮಳೆಯ ಪ್ಯಾಂಟ್, ಉಣ್ಣೆ ಟೋಪಿ, ಚೀಲದಂತೆ ಒಳಗೆ ತೂರಿಕೊಳ್ಳುವ ತುರ್ತು ಬಿವಿ, ಕೂರಲು ಒಂದು ತುಂಡು ಫೋಮ್, ಹೆಡ್‌ಲ್ಯಾಂಪ್ ಮತ್ತು ಹೆಚ್ಚುವರಿ ಬ್ಯಾಟರಿ, ಎರಡು ಲೈಟರ್, ಸೀಟಿ, ಎಲಾಸ್ಟಿಕ್ ಬ್ಯಾಂಡೇಜ್, ಅಂಟುಪಟ್ಟಿ, ನೋವಿನ ಮಾತ್ರೆ. ಎಲ್ಲ ಸೇರಿ ಎರಡು ಕಿಲೋ ಆಸುಪಾಸು. ಹಾಳೆಯಂತಿರುವ ಬೆಳ್ಳಿ ಬಣ್ಣದ ಕಂಬಳಿ ಗಾಳಿಗೆ ಸೀಳಿಹೋಗುತ್ತದೆ, ಚೀಲದ ಮಾದರಿಯದೇ ಬೇಕು. ಅನೇಕರು ಬಿಟ್ಟುಬರುವುದು ಆ ಫೋಮ್ ತುಂಡನ್ನು. ಕುಳಿತವರ ಮೈಬಿಸಿಯನ್ನು ಕೆಳಗಿನ ನೆಲ ಗಾಳಿಗಿಂತ ಬೇಗ ಹೀರುತ್ತದೆ. ಹತ್ತಿ ಬಟ್ಟೆ, ಜೀನ್ಸ್ ಬೇಡ. ಒದ್ದೆಯಾದರೆ ಒಣಗುವುದಿಲ್ಲ, 10 ಡಿಗ್ರಿಯಲ್ಲೂ ಮೈ ತಣ್ಣಗಾಗಿ ಬುದ್ಧಿ ಮಂಕಾಗುತ್ತದೆ.

ಸೀಟಿ ಮೂರು ಸಲ ಊದುವುದು, ನಿಲ್ಲಿಸುವುದು, ಮತ್ತೆ ಮೂರು ಸಲ. ಗಂಟಲು ಅರ್ಧ ಗಂಟೆಯಲ್ಲಿ ಕೂತುಹೋಗುತ್ತದೆ, ಸೀಟಿ ಹೋಗುವುದಿಲ್ಲ.

ಹೆಣ್ಣೊಬ್ಬಳೇ, ಟೆಂಟ್‌ನಲ್ಲಿ

ಕಾಡಿನ ಒಳಗಿಗಿಂತ ಎಚ್ಚರ ಬೇಕಾದದ್ದು ರಸ್ತೆಯ ಪಕ್ಕದ ಪಾರ್ಕಿಂಗ್‌ಗಳಲ್ಲಿ. ಕಾರಿನ ಗಾಜು ಒಡೆದು ಬ್ಯಾಗ್ ಒಯ್ಯುವ ಘಟನೆಗಳು ನಡೆಯುತ್ತವೆ, ಏನೂ ಕಾಣುವಂತೆ ಬಿಡಬೇಡಿ. ಯಾರಾದರೂ "ಒಬ್ಬರೇ ಬಂದಿದ್ದೀರಾ" ಅಂದರೆ "ಜೊತೆಯವರು ಹಿಂದೆ ಬರ್ತಿದ್ದಾರೆ" ಅನ್ನಿ, ಅದರಲ್ಲಿ ಪಾಪವಿಲ್ಲ. ಇವತ್ತು ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದನ್ನು ಅಪರಿಚಿತರಿಗೆ ಹೇಳಬೇಡಿ, ಫೋಟೋಗಳನ್ನು ಆ ಜಾಗ ಬಿಟ್ಟ ಮೇಲೆ ಹಾಕಿ. ಒಬ್ಬ ವ್ಯಕ್ತಿಯ ನಡವಳಿಕೆ ಸರಿಕಾಣದಿದ್ದರೆ ಕಾರಣ ಹುಡುಕುತ್ತ ಕೂರದೆ ಜಾಗ ಬದಲಿಸಿ.

ಗ್ಲೇಸಿಯರ್‌ನ ಒಳಗಾಡಿನ ಕ್ಯಾಂಪುಗಳು ನೀವು ಊಹಿಸಿದಷ್ಟು ನಿರ್ಜನವಲ್ಲ. ಒಂದು ಜಾಗದಲ್ಲಿ ನಾಲ್ಕಾರು ಟೆಂಟ್‌ಗಳು, ಅಡುಗೆಗೆ ಎಲ್ಲರಿಗೂ ಒಂದೇ ಜಾಗ. ಒಂಟಿಯಾಗಿ ಬಂದವರಿಗೆ ಇದು ದೊಡ್ಡ ಅನುಕೂಲ: ಸಂಜೆ ಅಲ್ಲಿ ಪರಿಚಯವಾದವರು ಮರುದಿನ ಅದೇ ಕಡೆ ಹೊರಟಿದ್ದರೆ ಕಣಿವೆ ದಾಟುವ ತನಕ ಜೊತೆಗೆ ನಡೆಯಬಹುದು. ಅಡುಗೆ, ಊಟ ಟೆಂಟಿನ ಹತ್ತಿರ ಬೇಡ. ಆಹಾರ ಮಾತ್ರವಲ್ಲ, ಟೂತ್‌ಪೇಸ್ಟ್, ಲಿಪ್ ಬಾಮ್, ಸನ್‌ಸ್ಕ್ರೀನ್, ಖಾಲಿ ಪೊಟ್ಟಣ ಎಲ್ಲವೂ ಅಲ್ಲಿಯ ಕಂಬಕ್ಕೋ ಪೆಟ್ಟಿಗೆಗೋ ಸೇರಬೇಕು. ಕಂಬಕ್ಕೆ ಏರಿಸಲು 35 ಅಡಿ ಹಗ್ಗ ಒಯ್ಯಿರಿ. ಟೀಟಾನ್‌ನ ಒಳಗಾಡಿನಲ್ಲಿ ತಂಗುವುದಾದರೆ ಬೇರ್ ಕ್ಯಾನಿಸ್ಟರ್ (ಕರಡಿ ತೆರೆಯಲಾಗದ ಆಹಾರದ ಡಬ್ಬಿ) ಕಡ್ಡಾಯ.

ನಿಮ್ಮ ಮುಂದಿರುವ ದಾರಿಗಳು

ಎಲ್ಲಕ್ಕಿಂತ ಸುರಕ್ಷಿತವಾದದ್ದು ಕಾರಿನ ಕ್ಯಾಂಪ್‌ಗ್ರೌಂಡ್‌ನಲ್ಲಿ ತಂಗಿ ಜನ ಓಡಾಡುವ ದಾರಿಗಳಲ್ಲಿ ಹಗಲು ನಡೆಯುವುದು. ಇದನ್ನು ಸಪ್ಪೆ ಅಂದುಕೊಳ್ಳಬೇಡಿ. ಗ್ಲೇಸಿಯರ್‌ನ ಹೈಲೈನ್ ಟ್ರೇಲ್ ಲೋಗನ್ ಪಾಸ್‌ನಿಂದ ಗ್ರಾನೈಟ್ ಪಾರ್ಕ್ ಷಾಲೇ (Chalet) ಎಂಬ ಬೆಟ್ಟದ ತಂಗುಮನೆಗೆ 7.6 ಮೈಲಿ, ಅಲ್ಲಿಂದ ಲೂಪ್ ಎಂಬ ರಸ್ತೆ ತಿರುವಿಗೆ ಇಳಿದರೆ ಒಟ್ಟು 11.8. ಶುರುವಿನಲ್ಲೇ ಬಂಡೆಗೋಡೆಯ ಅಂಚಿನಲ್ಲಿ ಕೈಹಿಡಿಗೆ ಕಟ್ಟಿದ ಕೇಬಲ್ ಇರುವ ಇಕ್ಕಟ್ಟು ದಾರಿ, ಕೆಳಗೆ ರಸ್ತೆ. ತಲೆಸುತ್ತುವವರಿಗೆ ಅದು ಕಷ್ಟ. ಜುಲೈ ಕೊನೆಯಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಯಾರಾದರೂ ಎದುರಾಗುತ್ತಾರೆ. ಅಲ್ಲಿ ಸೂರ್ಯೋದಯ 6ರ ಆಸುಪಾಸು. ಗುಡುಗಿನ ಲೆಕ್ಕ "ಬೇಗ ಹೊರಡು" ಅನ್ನುತ್ತದೆ, ಕರಡಿಯ ಲೆಕ್ಕ "ಮುಂಜಾವ, ಮುಸ್ಸಂಜೆ ಬೇಡ" ಅನ್ನುತ್ತದೆ. ನಾನಾದರೆ 7ಕ್ಕೆ ಹೊರಡು ಅನ್ನುತ್ತೇನೆ. ರೇಂಜರ್‌ಗಳೇ ಕರೆದೊಯ್ಯುವ ನಡಿಗೆಗಳೂ ಇವೆ, ಗ್ರಿಜ್ಲಿ ಹೆಚ್ಚಿರುವ ಕಡೆಗೆ ಅವರ ಜೊತೆ ಹೋಗಿ.

ಎರಡನೆಯದು ನಿಮ್ಮ ಆಸೆಯಂತೆ ಗ್ಲೇಸಿಯರ್‌ನಲ್ಲಿ ಎರಡು ರಾತ್ರಿ. ಮೊದಲ ಆರು ದಿನ ಮೈ ಒಗ್ಗಿರುತ್ತದೆ, ಸ್ಪ್ರೇ ಹಿಡಿಯುವುದು ಅಭ್ಯಾಸವಾಗಿರುತ್ತದೆ, ಹಾಗಾಗಿ ಕೊನೆಯಲ್ಲಿ ಇಟ್ಟಿರುವುದು ಜಾಣತನ. ಒಳಗಾಡಿನಲ್ಲಿ ತಂಗುವ ಪರ್ಮಿಟ್‌ಗಾಗಿ ಮಾರ್ಚ್‌ನಲ್ಲಿ ನಡೆಯುವ ಲಾಟರಿ ಮುಗಿದಿರುವುದರಿಂದ ನಿಮಗೆ ಸಿಗುವುದು ವಾಕ್‌ಇನ್ ಪರ್ಮಿಟ್, ಹೊರಡುವ ದಿನ ಅಥವಾ ಹಿಂದಿನ ದಿನ, ಬೆಳಕು ಹರಿಯುವ ಮೊದಲೇ ಸಾಲಿನಲ್ಲಿ ನಿಂತರೆ. ಯೆಲ್ಲೋಸ್ಟೋನ್‌ನಿಂದ ಗ್ಲೇಸಿಯರ್‌ಗೆ ಏಳು ಗಂಟೆಗೂ ಮಿಕ್ಕಿದ ಡ್ರೈವ್. ಆ ರಾತ್ರಿ ಓಡಿಸಿಕೊಂಡು ಹೋಗಿ ಬೆಳಗ್ಗೆ ಸಾಲಿನಲ್ಲಿ ನಿಂತು ಅದೇ ದಿನ ಬೆಟ್ಟ ಹತ್ತುವ ಯೋಚನೆ ಬಿಡಿ. ಸಂಜೆಯ ಹೊತ್ತು ರಸ್ತೆಗೆ ಜಿಂಕೆ ಹಾರುತ್ತವೆ, ಪಾರ್ಕುಗಳಲ್ಲಿ ಜೀವ ತೆಗೆಯುವ ಮುಖ್ಯ ಕಾರಣಗಳಲ್ಲಿ ವಾಹನ ಅಪಘಾತವೂ ಒಂದು.

ಜನವಿಲ್ಲದ ದೂರದ ದಾರಿಗಳಲ್ಲಿ ಒಬ್ಬರೇ ದಾಟಿಹೋಗುವುದು ಮೂರನೆಯದು. ಕಾನೂನಿನ ಅಡ್ಡಿ ಇಲ್ಲ. ಈ ಸಲಕ್ಕೆ ಅದು ನಿಮಗೆ ಬೇಡ.

ಪರ್ಮಿಟ್ ಕೌಂಟರಿನಲ್ಲಿ ನಿಂತಾಗ "ಈ ದಾರಿ ಹೇಗಿದೆ" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. ಬಿಡಿಸಿ ಕೇಳಿ: ಈ ವಾರ ಯಾವ ಹಳ್ಳ ಮೊಣಕಾಲಿಗಿಂತ ಮೇಲಿದೆ? ಐಸ್ ಆಕ್ಸ್ ಇಲ್ಲದೆ ದಾಟಲಾಗದ ಹಿಮ ಎಲ್ಲಿದೆ? ಕರಡಿಯ ಕಾರಣಕ್ಕೆ ಮುಚ್ಚಿದ ದಾರಿ ಯಾವುದು? ನಾಳೆ ಆ ಕ್ಯಾಂಪಿಗೆ ಬೇರೆ ಎಷ್ಟು ಜನ ಬುಕ್ ಆಗಿದ್ದಾರೆ? ನೀವು ಒಬ್ಬರೇ ಎಂದು ಅವರಿಗೆ ಹೇಳಿ. ಬೇರೆ ದಾರಿ ತೋರಿಸಿದರೆ ಅದನ್ನೇ ತೆಗೆದುಕೊಳ್ಳಿ, ಹೊಸ ಟ್ರೇಲ್ ಹೆಸರನ್ನು ಸಿಗ್ನಲ್ ಇರುವಾಗಲೇ ನಿಮಗಾಗಿ ಕಾಯುವವರಿಗೆ ಕಳಿಸಿ.